ಗ್ಯಾಸ್ ಗೀಸರ್ ‘ಸರ್ವೀಸ್’ಗೆ ಯಾರನ್ನೋ ಕರೆಯುವ ಮುನ್ನ

ಮೈಸೂರಿನಲ್ಲಿ ಚಳಿ ಶುರುವಾಗುತ್ತಿದ್ದ ಹಾಗೆ ಗೇಟಿನ ಸಂದಿಗೆ ಚೀಟಿ ಸಿಕ್ಕಿಸಿ ಹೋಗುವವರು ಹೆಚ್ಚುತ್ತಾರೆ. ಗೀಸರ್, ಸ್ಟೌ, ಚಿಮಣಿ ಎಲ್ಲದಕ್ಕೂ ಮನೆ ಬಾಗಿಲಲ್ಲೇ ಸರ್ವೀಸ್ ಅಂತ ಇರುತ್ತದೆ. ಅಂಗಡಿ ಹೆಸರಿಲ್ಲ, ವಿಳಾಸವಿಲ್ಲ, ಬರೀ ಒಂದು ಮೊಬೈಲ್ ನಂಬರ್. ಬೋಗಾದಿ ಕಡೆಯ ನಮ್ಮ ಮನೆಗೆ ಅಂಥವನೊಬ್ಬ ಬಂದು ಗ್ಯಾಸ್ ಗೀಸರ್ ‘ಕ್ಲೀನ್’ ಮಾಡಿ ಹೋದ. ಮಗಳು ಬದುಕಿದ್ದಾಳೆ, ಹಾಗಾಗಿ ಇದನ್ನು ಸಮಾಧಾನವಾಗಿ ಬರೆಯಲು ಆಗುತ್ತಿದೆ.

ನಮ್ಮ ದೂರು ಇದ್ದದ್ದು ಇಷ್ಟೇ: ನೀರು ಮೊದಲಿನಷ್ಟು ಕಾಯುತ್ತಿಲ್ಲ. ಅವನು ಮುಂದಿನ ತಗಡು ಬಿಚ್ಚಿದ, ಬಟ್ಟೆಯಲ್ಲಿ ಒರೆಸಿದ, ಸೆಲ್ ಬದಲಾಯಿಸಿದ, ಆಮೇಲೆ ಜೇಬಿನಿಂದ ಸೂಜಿಯಂಥ ತಂತಿ ತೆಗೆದು ಗ್ಯಾಸ್ ಬರುವ ಜೆಟ್‌ಗಳಿಗೆಲ್ಲ ಒಂದೊಂದಾಗಿ ಚುಚ್ಚಿದ. ಕಿಟಕಿಯಿಂದ ಆಚೆ ಹೋಗುತ್ತಿದ್ದ ಹೊಗೆ ಕೊಳವೆ ತುಕ್ಕು ಹಿಡಿದಿತ್ತು. ಅದನ್ನು ಕಿತ್ತು ಪಕ್ಕಕ್ಕಿಟ್ಟು, “ಇದೇನೂ ಬೇಡ ಮೇಡಂ, ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ, ಸಾಕು” ಅಂದ. ಹಚ್ಚಿ ತೋರಿಸಿದಾಗ ಉರಿ ಎತ್ತರಕ್ಕೆ ಎದ್ದಿತು, ತುದಿಯೆಲ್ಲ ಹಳದಿ. ನೀರು ಸುಡುಸುಡು. ಅತ್ತೆಗಂತೂ ಖುಷಿಯೋ ಖುಷಿ. ದುಡ್ಡು ಎಣಿಸಿಕೊಂಡು ಹೋದ, ಬಿಲ್ ಕೇಳಿದರೆ ವಾಟ್ಸ್ಯಾಪಲ್ಲಿ ಕಳಿಸ್ತೀನಿ ಅಂದ. ಕಳಿಸಲಿಲ್ಲ, ಬಿಡಿ.

ಅದಾದ ಮೇಲೆ ಮಗಳಿಗೆ ಬೆಳಿಗ್ಗೆ ಹೊತ್ತು ತಲೆನೋವು, ಹೊಟ್ಟೆ ತೊಳಸು. “ತಲೆ ಸರಿಯಾಗಿ ಒರೆಸ್ಕೊಳಲ್ಲ, ಅದಕ್ಕೇ ಶೀತ” ಅಂತ ಅತ್ತೆ ಗೊಣಗುತ್ತಿದ್ದರು. ಕಾಲೇಜಿಗೆ ಹೋದ ಮೇಲೆ ಸರಿಹೋಗುತ್ತಿತ್ತು. ಒಂದು ಭಾನುವಾರ ಎಣ್ಣೆ ಸ್ನಾನಕ್ಕೆ ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ನೀರು ಬೀಳುವ ಸದ್ದು ಕೇಳಿಸುತ್ತಿದೆ, ಕರೆದರೆ ಉತ್ತರವಿಲ್ಲ. ಯಜಮಾನರು ಚಿಲಕ ಮುರಿದು ನೋಡಿದರೆ ಗೋಡೆಗೆ ಒರಗಿ ಕುಸಿದಿದ್ದಾಳೆ. ಹಾಲ್‌ಗೆ ತಂದು ಮಲಗಿಸಿ ಕಿಟಕಿ ಬಾಗಿಲೆಲ್ಲ ತೆಗೆದೆವು. ಪಕ್ಕದ ಮನೆಯವರು ಕೋವಿಡ್ ಕಾಲದ ಆಕ್ಸಿಮೀಟರ್ ತಂದು ಬೆರಳಿಗೆ ಹಾಕಿದರು. 98 ತೋರಿಸಿತು. “ಆಕ್ಸಿಜನ್ ಚೆನ್ನಾಗಿದೆ, ಪಿತ್ತ ಇರಬೇಕು, ನಿಂಬೆ ಪಾನಕ ಕೊಡಿ” ಅಂದರು. ಯಜಮಾನರು ಕೇಳಲಿಲ್ಲ, ಎತ್ತಿಕೊಂಡು ಆಸ್ಪತ್ರೆಗೆ ಓಡಿದರು.

ಆ 98 ನಂಬುವ ಹಾಗಿರಲಿಲ್ಲ ಅಂತ ಅಲ್ಲಿನ ಡಾಕ್ಟರ್ ಹೇಳಿದರು. ಅವಳ ರಕ್ತಕ್ಕೆ ಸೇರಿದ್ದು ಕಾರ್ಬನ್ ಮೋನಾಕ್ಸೈಡ್ ಅನ್ನುವ ವಿಷಾನಿಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಬೆರಳಿಗೆ ಹಾಕುವ ಮಾಮೂಲಿ ಆಕ್ಸಿಮೀಟರ್‌ಗೆ ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ, ಎಲ್ಲ ಸರಿಯಿದೆ ಅಂತ ತೋರಿಸುತ್ತದೆ. ಮುಖಕ್ಕೆ ಮಾಸ್ಕ್ ಹಾಕಿ ಗಂಟೆಗಟ್ಟಲೆ ಶುದ್ಧ ಆಕ್ಸಿಜನ್ ಕೊಟ್ಟ ಮೇಲೆ ಅವಳು ಸರಿಯಾಗಿ ಮಾತಾಡಿದ್ದು.

“ಗ್ಯಾಸ್ ವಾಸನೆಯೇ ಬರಲಿಲ್ವಲ್ಲ” ಅಂತ ಬಂದವರೆಲ್ಲ ಕೇಳಿದರು. ಸಿಲಿಂಡರ್ ಗ್ಯಾಸಿಗೆ ವಾಸನೆ ಬರಲೆಂದೇ ಮರ್‌ಕ್ಯಾಪ್ಟನ್ ಬೆರೆಸಿರುತ್ತಾರೆ, ಸೋರಿದರೆ ಮೂಗಿಗೆ ಗೊತ್ತಾಗುತ್ತದೆ. ನಮ್ಮಲ್ಲಿ ಸೋರಿರಲಿಲ್ಲ. ಅರೆಬರೆ ಉರಿದಿತ್ತು. ಉರಿದ ಮೇಲೆ ಹುಟ್ಟುವ ಈ ವಿಷಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಆಮೇಲೆ ಗೀಸರ್ ಕಂಪನಿಯ ಅಧಿಕೃತ ಮೆಕ್ಯಾನಿಕ್ ಬಂದು ಪೂರ್ತಿ ಬಿಚ್ಚಿ ನೆಲದ ಮೇಲೆ ಹರಡಿದರು. ಬರ್ನರ್‌ನೊಳಗೆ ಗಾಳಿ ಹೋಗುವ ಬಾಯಿಗಳಲ್ಲಿ ಜೇಡರ ಬಲೆ, ದೂಳು. ಮೊದಲು ನೀರು ಕಾಯದೆ ಇದ್ದದ್ದಕ್ಕೆ ಇದೇ ಕಾರಣವಿರಬೇಕು ಅಂದರು. ಇದನ್ನು ಬ್ರಷ್ಷಿನಲ್ಲಿ ತೆಗೆದಿದ್ದರೆ ಕೆಲಸ ಮುಗಿಯುತ್ತಿತ್ತು. ಆ ಪುಣ್ಯಾತ್ಮ ಅದನ್ನು ಮುಟ್ಟದೆ ಜೆಟ್ ಚುಚ್ಚಿ ತೂತು ದೊಡ್ಡದು ಮಾಡಿದ್ದ. ತೂತಿನ ಅಳತೆ ಕಾರ್ಖಾನೆಯಲ್ಲೇ ಲೆಕ್ಕ ಹಾಕಿ ಇಟ್ಟಿರುತ್ತಾರೆ. ಅದು ಹಿಗ್ಗಿದರೆ ಗ್ಯಾಸ್ ಜಾಸ್ತಿ, ಗಾಳಿ ಸಾಲದು, ಉರಿ ಹಳದಿ. ಹಳದಿ ಉರಿಯ ಮಸಿ ಮೇಲಿನ ತಾಮ್ರದ ರೆಕ್ಕೆಗಳ ಸಂದಿಗೆ ಕಾಡಿಗೆಯಂತೆ ಮೆತ್ತಿಕೊಂಡು ಹೊಗೆ ಹೋಗುವ ದಾರಿಯನ್ನೂ ಕಟ್ಟಿತ್ತು. ಎಕ್ಸಾಸ್ಟ್ ಫ್ಯಾನ್ ಕಥೆಯೂ ಸುಳ್ಳೇ: ಗಾಳಿ ಒಳಗೆ ಬರಲು ದಾರಿಯಿಲ್ಲದ ಬಚ್ಚಲಲ್ಲಿ ಫ್ಯಾನ್ ಹಾಕಿದರೆ ಕೆಲವೊಮ್ಮೆ ಗೀಸರಿನ ಹೊಗೆಯೇ ಕೆಳಕ್ಕೆ ಎಳೆದುಕೊಂಡು ಬರುತ್ತದಂತೆ.

ಆ ನಂಬರ್ ಈಗ ಸ್ವಿಚ್ಡ್ ಆಫ್. ನಮ್ಮ ಬೀದಿಯಲ್ಲೇ ಇನ್ನೂ ಎರಡು ಮೂರು ಮನೆಗೆ ಅವನು ಹೋಗಿದ್ದ, ಅವರಿಗೆಲ್ಲ ಹೇಳಿ ಬಂದೆ.

ಸರ್ವೀಸ್‌ಗೆ ಬಂದವರು ಬರ್ನರ್ ಹೊರಗೆ ತೆಗೆಯದೆ ಬರೀ ಮೇಲೆ ಒರೆಸಿದರೆ ಅದು ಸರ್ವೀಸ್ ಅಲ್ಲ. ಜೆಟ್‌ಗೆ ತಂತಿ ಹಾಕಲು ಹೋದರೆ ಅಲ್ಲೇ ತಡೆಯಿರಿ. ಕೊನೆಗೆ ಜೋಡಣೆಗಳಿಗೆಲ್ಲ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದಾ ಅಂತ ನಿಮ್ಮೆದುರೇ ನೋಡಬೇಕು. ರಬ್ಬರ್ ಟ್ಯೂಬಿನ ಮೇಲೆ ಅಚ್ಚು ಹಾಕಿರುವ ವರ್ಷವನ್ನೂ ಓದಿಸಿ. ಗೀಸರಿನ ಕಿಂಡಿಯಲ್ಲಿ ಕಾಣುವ ಉರಿ ನೀಲಿಯಾಗಿರಬೇಕು, ಇದನ್ನು ಮಕ್ಕಳಿಗೂ ಹೇಳಿಕೊಡಿ. ಸೋರಿಕೆಯ ವಾಸನೆ ಬಂದರೆ 1906ಕ್ಕೆ ಫೋನ್ ಮಾಡಬಹುದು, ಮೋಸದ ದೂರಿಗೆ ಗ್ರಾಹಕ ಸಹಾಯವಾಣಿ 1915 ಇದೆ.

ನಾವೀಗ ಗೀಸರನ್ನು ಹಿತ್ತಿಲ ಗೋಡೆಗೆ, ತೆರೆದ ಜಾಗಕ್ಕೆ ಹಾಕಿಸಿದ್ದೇವೆ, ಬಚ್ಚಲಿಗೆ ಬರುವುದು ಬಿಸಿನೀರಿನ ಪೈಪ್ ಮಾತ್ರ. ಗೀಸರ್ ಒಳಗೇ ಇರುವ ಮನೆಯವರು ಅದನ್ನು ಹೊರಗೆ ಹಾಕಿಸುವ ತನಕ ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಗಾಳಿಯಾಡಿದ ಮೇಲೆ ಸ್ನಾನಕ್ಕೆ ಹೋಗಿ. ಸ್ನಾನದ ಮನೆಯಲ್ಲಿ ಯಾರಾದರೂ ತಲೆಸುತ್ತಿ ಬಿದ್ದರೆ ಮೊದಲು ಅವರನ್ನು ಹೊರಗೆ ಗಾಳಿಗೆ ತನ್ನಿ. ಆಸ್ಪತ್ರೆಯಲ್ಲಿ ಮೊದಲ ಮಾತಿಗೇ “ಬಚ್ಚಲಲ್ಲಿ ಗ್ಯಾಸ್ ಗೀಸರ್ ಉರೀತಿತ್ತು” ಅಂತ ಹೇಳಿ. ಅದೊಂದು ಮಾತು ಹೇಳದಿದ್ದರೆ ಬಿಪಿ, ಶುಗರ್, ಗ್ಯಾಸ್ಟ್ರಿಕ್ ಅಂತ ಹುಡುಕುವುದರಲ್ಲೇ ಹೊತ್ತು ಕಳೆದುಹೋಗಬಹುದು.