ಎಣಿಕೆಯ ದಿನ ಎಲ್ಲಿ ಕೂರಬೇಕು: ಟಿವಿ ಮುಂದೆಯೋ, ದೋಸೆ ಹೋಟೆಲಿನಲ್ಲೋ, ಆಯೋಗದ ಜಾಲತಾಣದಲ್ಲೋ?

ದಾವಣಗೆರೆಯ ನಮ್ಮ ಮನೆಯಲ್ಲಿ ಕ್ರಿಕೆಟ್ ಫೈನಲ್‌ಗೂ ಸೇರದಷ್ಟು ಜನ ಮತ ಎಣಿಕೆಯ ದಿನ ಸೇರುತ್ತಾರೆ. 2018ರ ವಿಧಾನಸಭೆಯ ಎಣಿಕೆಯನ್ನು ನಾನು ಟಿವಿಯ ಮುಂದೆ ಕಳೆದೆ. 2023ರದ್ದನ್ನು ಬೆಣ್ಣೆ ದೋಸೆ ಹೋಟೆಲಿನಲ್ಲಿ, 2024ರ ಲೋಕಸಭೆಯದ್ದನ್ನು ಚುನಾವಣಾ ಆಯೋಗದ ಜಾಲತಾಣದಲ್ಲಿ. ಯಾವುದೂ ಯೋಜನೆ ಹಾಕಿ ಮಾಡಿದ್ದಲ್ಲ. ಮೊದಲನೆಯ ಸಲ ಕೈಸುಟ್ಟುಕೊಂಡಿದ್ದರಿಂದ ಮುಂದಿನ ಎರಡು ತಾವಾಗಿಯೇ ನಡೆದವು.

ಕೈಸುಟ್ಟ ಕಥೆ ಹೀಗಿದೆ. 2018ರ ಮೇ 15ರ ಬೆಳಿಗ್ಗೆ ಟಿವಿಯಲ್ಲಿ ಬಿಜೆಪಿಯ ಮುನ್ನಡೆ ಬಹುಮತದ ಗೆರೆಯನ್ನು ದಾಟಿತ್ತು. ಪರದೆಯ ತುಂಬ ಪಟಾಕಿ, ಸಿಹಿ ಹಂಚಿಕೆ. ನಾನು ಭಾವನ ಕಡೆ ತಿರುಗಿ, ‘ಸ್ವಂತ ಬಲದ ಸರ್ಕಾರ, ಬೇಕಾದರೆ ಮನೆಮಂದಿಗೆಲ್ಲ ಮಂಡಕ್ಕಿ ಮಿರ್ಚಿಯ ಪಂಥ’ ಎಂದೆ. ಭಾವ ಅವಸರದ ಮನುಷ್ಯನಲ್ಲ. ‘ಊಟ ಆಗಲಿ ತಡಿ’ ಎಂದರು. ಊಟ ಮುಗಿದು ಮಜ್ಜಿಗೆಗೆ ಬರುವಷ್ಟರಲ್ಲಿ ಅಂಕಿ ಜಾರತೊಡಗಿತ್ತು. ಮತದಾನ ನಡೆದಿದ್ದ 222 ಸ್ಥಾನಗಳಲ್ಲಿ ಕೊನೆಗೆ ನಿಂತದ್ದು 104. ಮಿರ್ಚಿಯ ಲೆಕ್ಕ ಅಂದೇ ನನ್ನ ತಲೆಗೆ ಬಿತ್ತು.

ತಪ್ಪು ಟಿವಿಯದ್ದೇ ಎಂದು ಆಗ ಬೈದಿದ್ದೆ. ಆಮೇಲೆ ಎಣಿಕೆಯ ಬಗೆ ತಿಳಿದ ಮೇಲೆ ಅರ್ಧ ತಪ್ಪು ನನ್ನದು ಎನ್ನಿಸಿತು. ಎಂಟು ಗಂಟೆಗೆ ಎಣಿಕೆ ಶುರುವಾದಾಗ ಮೊದಲು ಕೈಗೆತ್ತಿಕೊಳ್ಳುವುದು ಅಂಚೆ ಮತಗಳನ್ನು. ಮತಯಂತ್ರಗಳ ಸರದಿ ಅರ್ಧ ಗಂಟೆಯ ನಂತರ. ಒಂದು ವಿಧಾನಸಭಾ ಕ್ಷೇತ್ರಕ್ಕೆ ಸಾಮಾನ್ಯವಾಗಿ 14 ಟೇಬಲ್, ಟೇಬಲ್ಲಿಗೊಂದು ಮತಗಟ್ಟೆ, ಹದಿನಾಲ್ಕೂ ಮುಗಿದರೆ ಒಂದು ಸುತ್ತು. 240 ಮತಗಟ್ಟೆಗಳಿದ್ದರೆ 18 ಸುತ್ತು ಆಗಬೇಕು. ಮತಗಟ್ಟೆಗಳನ್ನು ಕ್ರಮಸಂಖ್ಯೆಯಂತೆ ತೆಗೆದುಕೊಳ್ಳುವುದರಿಂದ ಮೊದಲ ಸುತ್ತಿನ ಮುನ್ನಡೆಯೆಂದರೆ ಕ್ಷೇತ್ರದ ಒಂದು ಮೂಲೆಯ ನಾಲ್ಕಾರು ಊರುಗಳ ಮಾತು, ಅಷ್ಟೆ. ಎಂಟೂ ಹತ್ತಕ್ಕೆ ‘ಭಾರೀ ಮುನ್ನಡೆ’ ಎಂದು ಕೆಂಪಕ್ಷರ ಓಡಿಸುವ ನಿರೂಪಕರು ಇದನ್ನು ಹೇಳುವುದೇ ಇಲ್ಲ. ಒಂದು ವಾಹಿನಿಯಲ್ಲಿ ಒಬ್ಬ ಅಭ್ಯರ್ಥಿ ಮುಂದಿದ್ದರೆ ಪಕ್ಕದ ವಾಹಿನಿಯಲ್ಲಿ ಅದೇ ಹೊತ್ತಿಗೆ ಹಿಂದಿರುತ್ತಾರೆ. ಅವರವರ ವರದಿಗಾರರು ಹಿಡಿದ ಸುತ್ತು ಬೇರೆಬೇರೆ ಇರುತ್ತದೆ, ಎಷ್ಟನೆಯ ಸುತ್ತು ಎಂಬುದನ್ನು ಮಾತ್ರ ಯಾರೂ ಬರೆಯುವುದಿಲ್ಲ.

ಹೋಟೆಲಿಗೆ ಹೋದದ್ದು 2023ರ ಮೇ 13ರಂದು. ಅಲ್ಲೂ ಟಿವಿ ಇತ್ತು, ಆದರೆ ಕಾವಲಿಯ ಚುರ್ ಎನ್ನುವ ಸದ್ದಿಗೆ ಅದರ ದನಿ ಕೇಳುತ್ತಿರಲಿಲ್ಲ. ಅದೇ ಒಳ್ಳೆಯದಾಯಿತು. ಸುದ್ದಿ ಬರುತ್ತಿದ್ದುದು ತೋಳಹುಣಸೆಯ ವಿಶ್ವವಿದ್ಯಾಲಯದ ಗೇಟಿನಿಂದ. ಎಣಿಕೆಯ ಕೊಠಡಿಯೊಳಗೆ ಏಜೆಂಟರು ಮೊಬೈಲ್ ಒಯ್ಯುವಂತಿಲ್ಲ. ಯಾರಾದರೂ ಹೊರಗೆ ಬಂದು, ಗೇಟಿನಾಚೆ ನಿಂತವರಿಗೆ ಹೇಳಿ, ಅವರು ಹೋಟೆಲಿನಲ್ಲಿ ಕೂತ ಗೆಳೆಯನಿಗೆ ಫೋನ್ ಮಾಡಬೇಕು. ನಿಧಾನ, ನಿಜ. ಆದರೆ ಬಂದ ಸುದ್ದಿಗೆ ಊರಿನ ಹೆಸರು ಅಂಟಿಕೊಂಡಿರುತ್ತಿತ್ತು. ‘ಇನ್ನೂ ಹಳೇಪೇಟೆ ಕಡೆಯ ಪೆಟ್ಟಿಗೆ ತೆಗೆದಿಲ್ಲ’ ಎಂದು ಪಕ್ಕದ ಮೇಜಿನ ಹಿರಿಯರೊಬ್ಬರು ಹೇಳಿದರೆ ಅದು ಯಾವ ಟಿವಿ ವಿಶ್ಲೇಷಣೆಗೂ ಕಡಿಮೆಯಾಗಿರಲಿಲ್ಲ. (ಯಂತ್ರ ಬಂದು ಇಷ್ಟು ವರ್ಷವಾದರೂ ಅವರ ಬಾಯಲ್ಲಿ ಅದು ಪೆಟ್ಟಿಗೆಯೇ.) ದಾವಣಗೆರೆ ದಕ್ಷಿಣ ಕ್ಷೇತ್ರದಲ್ಲಿ ಶಾಮನೂರು ಶಿವಶಂಕರಪ್ಪ 91ರ ವಯಸ್ಸಿನಲ್ಲಿ ಮತ್ತೆ ಗೆದ್ದಾಗ, ಆ ವಯಸ್ಸಿಗೆ ಪ್ರಚಾರಕ್ಕೆ ಹೊರಡುವುದು ಸರಿಯೇ ಎಂಬ ವಾದ ಎರಡು ಸುತ್ತು ಚಹಾ ಮುಗಿಸಿತು.

ಹೋಟೆಲಿನ ದೋಷವೂ ಇದೆ. ನಮ್ಮ ಜಿಲ್ಲೆಯಾಚೆ ಅದಕ್ಕೆ ಕಿವುಡು. ಕಾಂಗ್ರೆಸ್ 135ಕ್ಕೆ ಹೋಗುತ್ತಿರುವುದು ನನಗೆ ಗೊತ್ತಾದದ್ದು ಮನೆಗೆ ಬಂದ ಮೇಲೆ. ಬೆಂಗಳೂರಿನ ಜಯನಗರದಲ್ಲಿ ಮರು ಎಣಿಕೆಯ ನಂತರ 16 ಮತಗಳಲ್ಲಿ ಫಲಿತಾಂಶ ತೀರ್ಮಾನವಾದದ್ದು ತಿಳಿದದ್ದಂತೂ ಮರುದಿನ. ಇನ್ನು ಮೂರನೆಯ ದೋಸೆಯ ನಂತರ ಹೊಟ್ಟೆಯ ಬೆಣ್ಣೆ ರಾಜಕೀಯವನ್ನು ಮರೆಸುತ್ತದೆ.

ರೇಡಿಯೊವನ್ನೂ ಒಂದು ಸಲ ನೋಡಿದ್ದೇನೆ. ಸುಳ್ಳು ಹೇಳುವುದಿಲ್ಲ, ಬೇಗವೂ ಹೇಳುವುದಿಲ್ಲ.

2024ರ ಜೂನ್ 4ಕ್ಕೆ ನಾನು ಹಟ ಹಿಡಿದು ಟಿವಿ ಹಚ್ಚಲಿಲ್ಲ. ಮತಗಟ್ಟೆ ಸಮೀಕ್ಷೆಗಳಲ್ಲಿ ಹಲವು ಎನ್‌ಡಿಎಗೆ 350ರ ಮೇಲೆ ಕೊಟ್ಟಿದ್ದವು. ಜಾಲತಾಣದಲ್ಲಿ ಬೆಳಿಗ್ಗೆಯೆಲ್ಲ ಬರೀ ಅಂಕಿ. ಅಭ್ಯರ್ಥಿಯ ಹೆಸರು, ಯಂತ್ರದ ಮತ, ಅಂಚೆ ಮತ, ಒಟ್ಟು, ಶೇಕಡಾವಾರು, ಪಟ್ಟಿಯ ತಳದಲ್ಲಿ ನೋಟಾ. ಕಿರುಚಾಟವಿಲ್ಲ, ಜಾಹೀರಾತಿಲ್ಲ. ಅಧಿಕಾರಿ ಒಪ್ಪಿದ ಸುತ್ತು ಮಾತ್ರ ಏರುವುದರಿಂದ ಟಿವಿಗಿಂತ ಅರ್ಧ ಗಂಟೆ ಹಿಂದೆ, ಕೆಲವೊಮ್ಮೆ ಇನ್ನೂ ಹೆಚ್ಚು. ನಮ್ಮ ಲೋಕಸಭಾ ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಿವೆ. ಅವುಗಳಲ್ಲಿ ಹರಪನಹಳ್ಳಿ ಈಗ ವಿಜಯನಗರ ಜಿಲ್ಲೆಗೆ ಸೇರಿದೆ. ಎಂಟೂ ಕಡೆಯ ಎಣಿಕೆ ಒಂದೇ ವೇಗದಲ್ಲಿ ಸಾಗುವುದಿಲ್ಲ ಎಂದು ತಿಳಿದಿದ್ದ ನನಗೆ ಅಂಕಿ ಹಿಂದೆ ಮುಂದೆ ಆದಾಗ ಎದೆ ಹೊಡೆದುಕೊಳ್ಳಲಿಲ್ಲ. 1999ರಿಂದ ಬಿಜೆಪಿಯ ಕೈಯಲ್ಲಿದ್ದ ದಾವಣಗೆರೆಯನ್ನು ಕಾಂಗ್ರೆಸ್‌ನ ಪ್ರಭಾ ಮಲ್ಲಿಕಾರ್ಜುನ್ 26 ಸಾವಿರದ ಆಸುಪಾಸಿನ ಅಂತರದಲ್ಲಿ ಪಡೆದರು. ರಾಜ್ಯದ 28ರಲ್ಲಿ ಬಿಜೆಪಿಗೆ 17, ಕಾಂಗ್ರೆಸ್‌ಗೆ 9, ಜೆಡಿಎಸ್‌ಗೆ 2. ಎನ್‌ಡಿಎ ದೇಶದಲ್ಲಿ 293ಕ್ಕೆ ನಿಂತಿತು.

ಇಷ್ಟೆಲ್ಲ ಸರಿ, ಆದರೆ ಜಾಲತಾಣದಲ್ಲಿ ಕನ್ನಡವಿಲ್ಲ. ಗಿರಣಿಯಲ್ಲಿ ದುಡಿದು ನಿವೃತ್ತರಾದ ನಮ್ಮಪ್ಪ ಕನ್ನಡ ಪತ್ರಿಕೆಯನ್ನು ಜಾಹೀರಾತಿನ ಸಹಿತ ಓದುವವರು. ಅಂದು ಮಾತ್ರ ಹತ್ತು ನಿಮಿಷಕ್ಕೊಮ್ಮೆ ‘ಈಗೆಷ್ಟಪ್ಪಾ?’ ಎಂದು ನನ್ನನ್ನೇ ಕೇಳುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಬೇಸತ್ತು ಪಕ್ಕದ ಮನೆಗೆ ಟಿವಿ ನೋಡಲು ಹೊರಟೇಬಿಟ್ಟರು.

ನನ್ನ ಓಟು ಜಾಲತಾಣಕ್ಕೇ, ಸಂಜೆ ನಾಲ್ಕರ ತನಕ. ನಾಲ್ಕರ ನಂತರ ಹೋಟೆಲು. ಟಿವಿ ಅಪ್ಪನಿಗಿರಲಿ. ಮುಂದಿನ ಸಲ ಅವರ ಪಕ್ಕ ಕೂತು ಸುತ್ತಿನ ಸಂಖ್ಯೆಯನ್ನು ನಾನೇ ಓದಿ ಹೇಳಬೇಕೆಂದಿದ್ದೇನೆ. ಭಾವನಿಗೆ ಈ ಹೋಲಿಕೆಯನ್ನೆಲ್ಲ ವಿವರಿಸಿದೆ. ಅವರು ತಲೆಯಾಡಿಸುತ್ತ ಕೇಳಿ, ‘ಅದಿರಲಿ, 2018ರ ಮಿರ್ಚಿ ಎಲ್ಲಿ?’ ಎಂದರು.