ಯೋಜನೆಗೆ ನೆರವು: ಕನ್ಸಲ್ಟೆಂಟಾ, ಫೆಸಿಲಿಟೇಟರಾ, ಇಲ್ಲ ನಾವೇನಾ?

ಮೂರು ವರ್ಷದ ಯೋಜನೆ ಬೇಕು ಅಂದಾಗ ಸಂಸ್ಥೆಗಳ ಮುಂದೆ ಮುಖ್ಯವಾಗಿ ಮೂರು ದಾರಿ ಇರುತ್ತವೆ. ಕನ್ಸಲ್ಟೆಂಟ್ ಬರೆದುಕೊಡುತ್ತಾರೆ. ಫೆಸಿಲಿಟೇಟರ್ ಎಲ್ಲರನ್ನೂ ಕೂರಿಸಿ ನಮ್ಮ ಕೈಲೇ ಬರೆಸುತ್ತಾರೆ. ಇಲ್ಲವೇ ನಾವೇ ಮಾಡಿಕೊಳ್ಳುವುದು. ನಾನು ಕೆಲಸ ಮಾಡಿದ ಕಡೆಗಳಲ್ಲಿ ಮೂರನ್ನೂ ನೋಡಿದ್ದೇನೆ. ನನ್ನ ಪರೀಕ್ಷೆ ಒಂದೇ: ಯಾವ ಕೆಲಸ ಬಿಡಬೇಕು ಅನ್ನುವುದನ್ನು ನಮ್ಮ ಬಾಯಿಂದ ಹೇಳಿಸಿತಾ?

ಕನ್ಸಲ್ಟೆಂಟ್ ಕೊಟ್ಟ ವರದಿ ನೋಡಲು ಚೆನ್ನಾಗಿತ್ತು. ಸ್ವಾಟ್ ಪಟ್ಟಿಯ (ನಮ್ಮ ಬಲ, ದೌರ್ಬಲ್ಯ, ಅವಕಾಶ, ಅಪಾಯಗಳ ಪಟ್ಟಿ) ಜೊತೆ ಬ್ಯಾಲೆನ್ಸ್ಡ್ ಸ್ಕೋರ್‌ಕಾರ್ಡ್ ಕೂಡ ಇತ್ತು. ರಾಬರ್ಟ್ ಕಪ್ಲಾನ್ ಮತ್ತು ಡೇವಿಡ್ ನಾರ್ಟನ್ 1992ರಲ್ಲಿ ಮುಂದಿಟ್ಟ ಪದ್ಧತಿ ಇದು. ಹಣದ ಲೆಕ್ಕವೊಂದೇ ಸಾಲದು, ಗ್ರಾಹಕರು, ಒಳಗಿನ ಕೆಲಸ, ಕಲಿಕೆ ಮತ್ತು ಬೆಳವಣಿಗೆ ಇವನ್ನೂ ಅಳೆಯಬೇಕು ಅನ್ನುತ್ತದೆ. ಮಾತು ಸರಿ. ಆದರೆ ಒಂದೊಂದಕ್ಕೂ ನಾಲ್ಕೈದು ಅಳತೆ ಇಟ್ಟರೆ, ಸಣ್ಣ ತಂಡದಲ್ಲಿ ತಿಂಗಳು ತಿಂಗಳು ಅದನ್ನು ತುಂಬುವವರು ಯಾರು? ಕನ್ಸಲ್ಟೆಂಟ್‌ರ ನಿಜವಾದ ಉಪಯೋಗ ಬೇರೆ. ಗ್ರಾಹಕರು ನಮ್ಮ ಮುಖ ನೋಡಿ ಹೇಳದ್ದನ್ನು ಹೊರಗಿನವರ ಹತ್ತಿರ ಹೇಳುತ್ತಾರೆ. ಬಿಡುವ ವಿಷಯದಲ್ಲಿ ಮಾತ್ರ ಸೊನ್ನೆ. ಎಲ್ಲ ವಿಭಾಗದವರ ಆಸೆಗೂ ವರದಿಯಲ್ಲಿ ಒಂದು ಪುಟ ಸಿಕ್ಕಿತ್ತು.

ಫೆಸಿಲಿಟೇಟರ್ ಮೊದಲು ಯಾರಿಗೂ ಮಾತಾಡಲು ಬಿಡಲಿಲ್ಲ. ಚೀಟಿಯಲ್ಲಿ ಬರೆಯಿರಿ, ಆಮೇಲೆ ಮಾತು ಅಂದರು. ಇದು ಸಣ್ಣ ಉಪಾಯ ಅನ್ನಿಸಬಹುದು. ಆದರೆ ನಿರ್ದೇಶಕರು ಮೊದಲು ಬಾಯಿ ಬಿಟ್ಟರೆ ಉಳಿದವರು ತಲೆಯಾಡಿಸುತ್ತಾರೆ, ಅಲ್ವಾ? ಚೀಟಿಗಳನ್ನು ಗೋಡೆಗೆ ಅಂಟಿಸಿ, ಒಬ್ಬೊಬ್ಬರಿಗೂ ಮೂರೇ ಮತ ಕೊಟ್ಟರು. ಮತ ಕಡಿಮೆ ಇದ್ದಾಗ ಆರಿಸಲೇಬೇಕಾಗುತ್ತದೆ. ಕೊನೆಗೆ ಒಂದು ನಿಯಮ ಹಾಕಿದರು: ಹೊಸದೊಂದು ಸೇರಿಸಿದರೆ ಹಳೆಯದೊಂದು ತೆಗೆಯಬೇಕು. ಅಲ್ಲಿಂದ ಜಗಳ ಶುರು. ಬಹಳ ಕಾಲದಿಂದ ನಡೆದು ಬಂದ, ಯಾರೂ ಮುಟ್ಟಲು ಧೈರ್ಯ ಮಾಡದ ಒಂದು ತರಬೇತಿ ಕಾರ್ಯಕ್ರಮ ಆವತ್ತೇ ಪಟ್ಟಿಯಿಂದ ಹೋಯಿತು. ಕೊರತೆಯೂ ಇದೆ. ಕೋಣೆಯಲ್ಲಿದ್ದವರಿಗೆ ಗೊತ್ತಿಲ್ಲದ್ದು ಯೋಜನೆಯೊಳಗೆ ಬರಲಿಲ್ಲ. ಫೆಸಿಲಿಟೇಟರ್ ಹೋದ ಮೇಲೆ, ಕೆಲಸ ಎಲ್ಲಿಗೆ ಬಂತು ಅಂತ ಕೇಳುವವರೂ ಇರಲಿಲ್ಲ.

ನಾವೇ ಮಾಡಿಕೊಂಡಿದ್ದು ಓಕೆಆರ್, ಅಂದರೆ ಆಬ್ಜೆಕ್ಟಿವ್ಸ್ ಅಂಡ್ ಕೀ ರಿಸಲ್ಟ್ಸ್ (ಗುರಿಗಳು ಮತ್ತು ಮುಖ್ಯ ಫಲಿತಾಂಶಗಳು). 1970ರ ದಶಕದಲ್ಲಿ ಇಂಟೆಲ್‌ನಲ್ಲಿ ಆ್ಯಂಡಿ ಗ್ರೋವ್ ಬೆಳೆಸಿದ್ದು, 1999ರಲ್ಲಿ ಹೂಡಿಕೆದಾರ ಜಾನ್ ಡೋರ್ ಗೂಗಲ್‌ಗೆ ಒಯ್ದಿದ್ದು. ಒಂದು ಗುರಿ, ಅದರ ಕೆಳಗೆ ಅಳೆಯಬಹುದಾದ ಕೆಲವು ಫಲಿತಾಂಶ, ಮೂರು ತಿಂಗಳಿಗೊಮ್ಮೆ ಅಂಕ. ಒಂದು ಎಕ್ಸೆಲ್ ಶೀಟ್ ಸಾಕು. ಗುರಿ ಎತ್ತರದಲ್ಲಿರಲಿ ಅಂತ, ಗೂಗಲ್‌ನಲ್ಲಿ ಪೂರ್ತಿ ಅಂಕ 1 ಇದ್ದರೂ 0.7 ಬಂದರೇ ಒಳ್ಳೆಯದು ಅನ್ನುತ್ತಾರೆ. ಇನ್ಕ್ರಿಮೆಂಟ್ ಜೊತೆ ಗಂಟು ಹಾಕಿದರೆ ಮಾತ್ರ ಕಥೆ ಮುಗಿಯಿತು. ಎಲ್ಲರೂ ಸುಲಭದ ಗುರಿ ಇಟ್ಟು ಪೂರ್ತಿ ಅಂಕ ತೆಗೆಯುತ್ತಾರೆ. ಹಿಡಿದ ಕೆಲಸವನ್ನು ಬೆನ್ನು ಹತ್ತಲು ಇದು ಚೆನ್ನ. ಯಾವ ಕೆಲಸ ಹಿಡಿಯಬೇಕು ಅಂತ ಹೇಳುವುದಿಲ್ಲ.

ದುಡ್ಡು ಒಂದಕ್ಕೇ ಇದ್ದರೆ ನನ್ನ ಮತ ಫೆಸಿಲಿಟೇಟರ್‌ಗೆ, ಆಮೇಲಿನ ಉಸ್ತುವಾರಿಗೆ ಓಕೆಆರ್. ಫೆಸಿಲಿಟೇಟರನ್ನು ಒಪ್ಪಿಕೊಳ್ಳುವ ಮೊದಲು ಅವರಿಗೆ ಒಂದು ಕೇಳಿ: ಸಭೆಗೆ ಮುಂಚೆ ಸಿಬ್ಬಂದಿ ಜೊತೆ ಒಬ್ಬೊಬ್ಬರಾಗಿ ಮಾತಾಡುತ್ತೀರಾ? ಅದೇನೂ ಬೇಡ, ಹಾಲ್, ಪ್ರೊಜೆಕ್ಟರ್ ಇದ್ದರೆ ಸಾಕು ಅಂತ ಅವರು ಹೇಳಿದರೆ ಬೇರೆಯವರನ್ನು ಹುಡುಕಿ.