ಲಿನಕ್ಸ್ ಕರ್ನಲ್‌ನ ಡಿಎಂಎ ಎಂಜಿನ್: ಎಂಟು ವರ್ಷ ಬಳಸಿದ ಮೇಲೆ

ನನ್ನ ಕೆಲಸ ಸೀರಿಯಲ್ ಪೋರ್ಟ್ ಡ್ರೈವರ್ ಬರೆಯುವುದು. ಮೀಟರ್, ಸೆನ್ಸರ್, ಮೋಟಾರ್ ಕಂಟ್ರೋಲರ್ ಕಳಿಸುವ ಡೇಟಾವನ್ನು ಒಂದು ಬೈಟ್ ಕೂಡ ಬಿಡದೆ ಲಿನಕ್ಸ್ ಬೋರ್ಡಿಗೆ ತರಬೇಕು. ಇದಕ್ಕೆ ಕರ್ನಲ್‌ನ ಡಿಎಂಎ ಎಂಜಿನ್ ಬಳಸಲು ಶುರು ಮಾಡಿ ಎಂಟು ವರ್ಷ ಆಯಿತು. ಡಿಎಂಎ ಅಂದರೆ ಸಿಪಿಯು ಕೈ ಹಾಕದೆ ಡೇಟಾವನ್ನು ಮೆಮೊರಿಗೆ ಸಾಗಿಸುವ ವ್ಯವಸ್ಥೆ; ಅದನ್ನು ಡ್ರೈವರ್‌ಗಳ ಕೈಗೆ ಕೊಡುವ ಕರ್ನಲ್ ಭಾಗವೇ ಡಿಎಂಎ ಎಂಜಿನ್. ಮೂರು ಬೇರೆ ಬೇರೆ ಚಿಪ್ ಮೇಲೆ ಓಡಿಸಿದ್ದೇನೆ. ಚಾನೆಲ್ (ಡೇಟಾ ಸಾಗುವ ಒಂದು ದಾರಿ) ಕೇಳಿ ಪಡೆಯುವ ವಿಷಯದಲ್ಲಿ ಇದಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಆದರೆ ಚಾನೆಲ್ ನಿಲ್ಲಿಸುವಾಗ ಮೈಯೆಲ್ಲ ಕಣ್ಣಾಗಿರಬೇಕು.

ಡಿಎಂಎ ಯಾಕೆ ಬೇಕು ಅನ್ನುವವರಿಗೆ ಒಂದು ಲೆಕ್ಕ. 9,21,600 ಬಾಡ್, ಅಂದರೆ ಸೆಕೆಂಡಿಗೆ ಅಷ್ಟು ಬಿಟ್, ವೇಗ ಇಟ್ಟುಕೊಳ್ಳಿ. ಸ್ಟಾರ್ಟ್, ಸ್ಟಾಪ್ ಸೇರಿ ಒಂದು ಬೈಟ್‌ಗೆ 10 ಬಿಟ್, ಅಂದರೆ ಸೆಕೆಂಡಿಗೆ 92,160 ಬೈಟ್. ಪೋರ್ಟಿನ ಪುಟ್ಟ ಬಫರ್ ಆದ ಫಿಫೋದಲ್ಲಿ 8 ಬೈಟ್ ಸೇರಿದಾಗೆಲ್ಲ ಇಂಟರಪ್ಟ್ (ಸಿಪಿಯುವನ್ನು ಕರೆಯುವ ಸಂಕೇತ) ಬಂದರೆ ಸೆಕೆಂಡಿಗೆ 11,520 ಸಲ ಸಿಪಿಯು ಕೈಲಿದ್ದ ಕೆಲಸ ಬಿಟ್ಟು ಓಡಬೇಕು. ಅದೇ ಡಿಎಂಎ ತಾನೇ ಮೆಮೊರಿಗೆ ತುಂಬಿಸುತ್ತಾ 2,048 ಬೈಟ್‌ಗೊಮ್ಮೆ ಕೂಗಿದರೆ ಸಾಕು ಅಂದರೆ, 45 ಸಲ. ಇಂಥ ಪೋರ್ಟ್ ನಾಲ್ಕಿದ್ದರೆ ವ್ಯತ್ಯಾಸ ಹೇಳಬೇಕಾಗಿಯೇ ಇಲ್ಲ.

ಮೊದಲು ಇದೆಲ್ಲ ಹೇಗಿತ್ತು ಅಂತ ನೆನೆದರೆ ಈಗಿನದರ ಬೆಲೆ ಗೊತ್ತಾಗುತ್ತದೆ. ಹಳೆಯ ಪಿಸಿಯಲ್ಲಿ ಎರಡು 8237 ಕಂಟ್ರೋಲರ್, 0ರಿಂದ 7ರವರೆಗೆ ಎಂಟು ಚಾನೆಲ್. ಅದರಲ್ಲಿ 4ನೆಯದು ಆ ಎರಡನ್ನು ಒಂದಕ್ಕೊಂದು ಜೋಡಿಸುವುದಕ್ಕೇ ಹೋಗುತ್ತಿತ್ತು. ಫ್ಲಾಪಿಗೆ 2. ಬಫರ್ ಮೆಮೊರಿಯ ಮೊದಲ 16 ಎಂಬಿ ಒಳಗೇ ಇರಬೇಕು. ಡ್ರೈವರ್ 'ನನಗೆ ಇಂಥ ನಂಬರ್ ಕೊಡು' ಅಂತ ಕೇಳಬೇಕು, ಬೇರೆ ಯಾರೋ ಹಿಡಿದುಕೊಂಡಿದ್ದರೆ ಬರಿಗೈಲಿ ಬರಬೇಕು.

ಡಿಎಂಎ ಎಂಜಿನ್ ಕರ್ನಲ್‌ಗೆ ಬಂದಿದ್ದು 2006ರಲ್ಲಿ, 2.6.18 ಆವೃತ್ತಿಯಲ್ಲಿ. ಆಗ ಉದ್ದೇಶವೇ ಬೇರೆ, ಇಂಟೆಲ್ ಸರ್ವರ್‌ಗಳಲ್ಲಿ ನೆಟ್‌ವರ್ಕ್ ಡೇಟಾ ಕಾಪಿ ಮಾಡುವ ಹೊರೆಯನ್ನು ಸಿಪಿಯು ತಲೆಯಿಂದ ಇಳಿಸುವುದು. ಆ ನೆಟ್‌ವರ್ಕ್ ಭಾಗವನ್ನು ಆಮೇಲೆ ತೆಗೆದುಹಾಕಿದರು. ನಮ್ಮಂಥ ಚಿಕ್ಕ ಬೋರ್ಡಿನವರಿಗೆ ಮಾತ್ರ ಅದೇ ಚೌಕಟ್ಟು ಇವತ್ತಿಗೂ ಅನ್ನ ಹಾಕುತ್ತಿದೆ.

ಈಗ ಚಾನೆಲ್ ಕೇಳುವುದು ಎಷ್ಟು ಸಲೀಸು ಅಂತ ನೋಡಿ. ನಾನು ಕಲಿತದ್ದು ಬೀಗಲ್‌ಬೋನ್ ಬ್ಲ್ಯಾಕ್ ಬೋರ್ಡ್ ಮೇಲೆ. ಅದರ ಕಂಟ್ರೋಲರ್‌ನಲ್ಲಿ 64 ಚಾನೆಲ್. ಮೊದಲ ಸೀರಿಯಲ್ ಪೋರ್ಟಿಗೆ ಕಳಿಸಲು 26, ಪಡೆಯಲು 27 ಅಂತ ಡಿವೈಸ್ ಟ್ರೀಯಲ್ಲಿ (ಬೋರ್ಡಿನ ಹಾರ್ಡ್‌ವೇರ್ ವಿವರ ಇರುವ ಫೈಲ್) ಬರೆದಿರುತ್ತದೆ. ಡ್ರೈವರ್‌ಗೆ ಆ ನಂಬರ್ ಗೊತ್ತೇ ಇರಬೇಕಾಗಿಲ್ಲ. 'ಆರ್‌ಎಕ್ಸ್ ಚಾನೆಲ್ ಕೊಡು' (ಆರ್‌ಎಕ್ಸ್ ಅಂದರೆ ಪಡೆಯುವುದು) ಅಂತ ಹೆಸರು ಹೇಳಿ ಕೇಳಿದರೆ ಆಯಿತು. ಚಿಪ್ ಬದಲಾದರೆ ಡಿವೈಸ್ ಟ್ರೀ ಬದಲಾಗುತ್ತದೆ, ಈ ಭಾಗದಲ್ಲಿ ನನ್ನ ಕೋಡ್ ಇದ್ದ ಹಾಗೇ ಇರುತ್ತದೆ. ಎರಡನೇ ಬೋರ್ಡಿಗೆ ಹೋದಾಗ ಚಾನೆಲ್ ಕೇಳುವ ಸಾಲುಗಳನ್ನು ನಾನು ಮುಟ್ಟಲೇ ಇಲ್ಲ.

ಒಂದು ಎಚ್ಚರಿಕೆ ಇದೆ. ಚಾನೆಲ್ ಕೇಳುವ ಹಳೆಯ ಫಂಕ್ಷನ್, ಸಿಗದಿದ್ದರೆ ಸುಮ್ನೆ ನಲ್, ಅಂದರೆ ಖಾಲಿ ಉತ್ತರ, ಕೊಡುತ್ತಿತ್ತು. ಕಂಟ್ರೋಲರ್‌ನ ಡ್ರೈವರ್ ಇನ್ನೂ ಲೋಡ್ ಆಗಿಲ್ಲವೋ, ನಿಜಕ್ಕೂ ಚಾನೆಲ್ ಇಲ್ಲವೋ ತಿಳಿಯುತ್ತಿರಲಿಲ್ಲ. ನನ್ನ ಮೊದಲ ಡ್ರೈವರ್ ನಲ್ ಬಂದರೆ ಇಂಟರಪ್ಟ್ ಮೋಡಿಗೆ ಹೋಗುವ ಹಾಗೆ ಬರೆದಿದ್ದೆ. ಒಂದು ಸಲ ಬೂಟ್ ಮಾಡಿದರೆ ಬೋರ್ಡ್ ತಣ್ಣಗೆ ಕೆಲಸ ಮಾಡುತ್ತದೆ, ಇನ್ನೊಂದು ಸಲ ಅದೇ ಬೋರ್ಡ್, ಅದೇ ಇಮೇಜ್, ಆದರೆ ಸಿಪಿಯು ಬಳಕೆ ಜಾಸ್ತಿ. ಕಾರಣ ಲೋಡ್ ಆಗುವ ಕ್ರಮ ಅಷ್ಟೇ. ಹೊಸ ರಿಕ್ವೆಸ್ಟ್ ಫಂಕ್ಷನ್ 'ಆಮೇಲೆ ಬಾ' ಅಂತ ಬೇರೆಯೇ ಎರರ್ ಕೊಡುತ್ತದೆ, ಅದನ್ನು ಹಾಗೇ ಮೇಲಕ್ಕೆ ದಾಟಿಸಿದರೆ ಕರ್ನಲ್ ತಾನೇ ಮತ್ತೆ ಪ್ರಯತ್ನಿಸುತ್ತದೆ.

ಬಳಸುವ ಕ್ರಮ ಸರಳ: ಡಿಸ್ಕ್ರಿಪ್ಟರ್ (ಏನನ್ನು ಎಲ್ಲಿಗೆ ಸಾಗಿಸಬೇಕು ಅನ್ನುವ ಚೀಟಿ) ತಯಾರು ಮಾಡು, ಸಬ್ಮಿಟ್ ಮಾಡು, ಕೊನೆಗೆ ಇಶ್ಯೂ ಪೆಂಡಿಂಗ್ ಕರಿ. ಸಬ್ಮಿಟ್ ಮಾಡಿದರೆ ಬರೀ ಸಾಲಿನಲ್ಲಿ ನಿಂತ ಹಾಗೆ, ಕೆಲಸ ಶುರುವಾಗುವುದು ಕೊನೆಯ ಹೆಜ್ಜೆಯಲ್ಲಿ. ಇದನ್ನು ಮರೆತು ಅರ್ಧ ದಿನ ಕೂತವರನ್ನು ನಾನು ತುಂಬಾ ನೋಡಿದ್ದೇನೆ. ಇನ್ನೊಂದು: ಬಫರ್ ಮ್ಯಾಪ್ ಮಾಡುವಾಗ (ಡಿಎಂಎ ಮುಟ್ಟುವ ಹಾಗೆ ಸಿದ್ಧ ಮಾಡುವಾಗ) ಸೀರಿಯಲ್ ಪೋರ್ಟಿನ ಡಿವೈಸ್ ಅಲ್ಲ, ಡಿಎಂಎ ಕಂಟ್ರೋಲರ್‌ನ ಡಿವೈಸ್ ಕೊಡಬೇಕು. ಮೆಮೊರಿ ಮುಟ್ಟುವವರು ಅವರೇ ಅಲ್ವಾ.

ನನಗೆ ನಿಜವಾಗಿ ಬೇಸರ ತಂದದ್ದು ರೆಸಿಡ್ಯೂ. ಮೀಟರ್ 37 ಬೈಟ್ ಕಳಿಸಿ ಸುಮ್ಮನಾಗುತ್ತದೆ. ನನ್ನ ಬಫರ್ ತುಂಬಿಲ್ಲ, ಡಿಎಂಎ ಇಂಟರಪ್ಟ್ ಬಂದಿಲ್ಲ. ಪೋರ್ಟ್ 'ಲೈನ್ ಖಾಲಿ' ಅಂತ ತಿಳಿಸಿದಾಗ ನಾನು ಚಾನೆಲ್ ಅನ್ನು 'ಇನ್ನೆಷ್ಟು ಬಾಕಿ?' ಅಂತ ಕೇಳುತ್ತೇನೆ. ಆ ಬಾಕಿಯೇ ರೆಸಿಡ್ಯೂ. ಕೆಲವು ಕಂಟ್ರೋಲರ್ ಪ್ರತಿ ಬರ್ಸ್ಟ್ (ಒಂದೇ ಸಲ ಸಾಗುವ ಪುಟ್ಟ ಕಂತು) ಆದ ಮೇಲೂ ಸರಿಯಾಗಿ ಹೇಳುತ್ತವೆ, ಕೆಲವು ಒಂದು ತುಂಡು ಪೂರ್ತಿ ಆದ ಮೇಲೆ, ಇನ್ನು ಕೆಲವು ಇಡೀ ಡಿಸ್ಕ್ರಿಪ್ಟರ್ ಮುಗಿದ ಮೇಲೇ. ನನ್ನ ಎರಡನೇ ಬೋರ್ಡ್ ಕೊನೆಯ ಜಾತಿಯದು. 37 ಬೈಟ್ ಮೆಮೊರಿಗೆ ಬಂದು ಬಿದ್ದಿದೆ, ಆದರೆ ಕೇಳಿದಾಗೆಲ್ಲ 'ಎಲ್ಲವೂ ಬಾಕಿ' ಅನ್ನುತ್ತದೆ. ವೈರ್ ಬದಲಾಯಿಸಿದೆ, ಮೀಟರ್ ಬದಲಾಯಿಸಿದೆ, ಬಾಡ್ ಇಳಿಸಿದೆ. ಎರಡು ದಿನ ಹೋಯಿತು. ಚಾನೆಲ್‌ನ ಸಾಮರ್ಥ್ಯ ಕೇಳುವ ಒಂದು ಫಂಕ್ಷನ್ ಇದೆ, ಅದು ಈ ವಿಷಯವನ್ನು ಮೊದಲೇ ಹೇಳುತ್ತದೆ. ನಾನು ಕೇಳಿರಲಿಲ್ಲ. ಕೊನೆಗೆ ಆ ಬೋರ್ಡಿನಲ್ಲಿ ಕಳಿಸುವುದಕ್ಕೆ ಮಾತ್ರ ಡಿಎಂಎ ಇಟ್ಟು, ಪಡೆಯುವುದನ್ನು ಫಿಫೋ ಇಂಟರಪ್ಟಿಗೇ ಬಿಟ್ಟೆ.

ಆಮೇಲೆ ನಿಲ್ಲಿಸುವ ವಿಷಯ. ಪೋರ್ಟ್ ಮುಚ್ಚುವಾಗ ನಾನು ಚಾನೆಲ್ ನಿಲ್ಲಿಸುವ ಹಳೆಯ ಟರ್ಮಿನೇಟ್ ಆಲ್ ಫಂಕ್ಷನ್ ಕರೆದು ತಕ್ಷಣ ಬಫರ್ ಬಿಡುಗಡೆ ಮಾಡುತ್ತಿದ್ದೆ. ವಾರಗಟ್ಟಲೆ ಏನೂ ಆಗುವುದಿಲ್ಲ, ಒಂದು ದಿನ ಕರ್ನಲ್ ಕುಸಿಯುತ್ತದೆ. ಮೆಮೊರಿ ತಪ್ಪು ಹಿಡಿಯುವ ಕಾಸಾನ್ ಹಾಕಿ ಓಡಿಸಿದ ಮೇಲೆ ಸಿಕ್ಕಿಬಿತ್ತು: ಬಿಡುಗಡೆ ಮಾಡಿದ ಮೆಮೊರಿಯನ್ನು, ಡಿಎಂಎ ಮುಗಿದಾಗ ಕರ್ನಲ್ ಕರೆಯುವ ನನ್ನದೇ ಕಾಲ್‌ಬ್ಯಾಕ್ ಮುಟ್ಟುತ್ತಿತ್ತು. ಚಾನೆಲ್ ನಿಂತರೂ ಕಾಲ್‌ಬ್ಯಾಕ್ ಬೇರೆ ಕೋರ್ ಮೇಲೆ ಇನ್ನೂ ಓಡುತ್ತಿರಬಹುದು. ಒಲೆ ಆರಿಸಿದ ತಕ್ಷಣ ಕುಕ್ಕರ್ ಮುಚ್ಚಳ ತೆಗೆಯುವುದಿಲ್ಲ ಅಲ್ವಾ, ಪ್ರೆಷರ್ ಇಳಿಯಬೇಕು. ಟರ್ಮಿನೇಟ್ ಸಿಂಕ್ ಆ ಕಾಯುವ ಕೆಲಸ ಮಾಡುತ್ತದೆ. ಆದರೆ ಅದನ್ನು ಸ್ಪಿನ್‌ಲಾಕ್ (ಹಿಡಿದಿರುವಾಗ ಕಾಯುತ್ತಾ ಮಲಗಬಾರದ ಬೀಗ) ಹಿಡಿದುಕೊಂಡು ಕರೆಯುವ ಹಾಗಿಲ್ಲ, ಕಾಲ್‌ಬ್ಯಾಕ್ ಒಳಗಿಂದಲೂ ಕರೆಯುವ ಹಾಗಿಲ್ಲ. ಅಂಥ ಕಡೆ ಕಾಯದೆ ಮರಳುವ ಅಸಿಂಕ್ ಕರೆದು, ಬಫರ್ ಬಿಡುವ ಮುಂಚೆ ಬೇರೆ ಜಾಗದಲ್ಲಿ ಸಿಂಕ್ರೊನೈಸ್ ಕರೆಯಬೇಕು. ಕರ್ನಲ್‌ನ ದಾಖಲೆಯಲ್ಲಿ ಇದು ಸ್ಪಷ್ಟವಾಗಿಯೇ ಇದೆ, ಆದರೆ ಹಳೆಯ ಡ್ರೈವರ್ ನೋಡಿ ನಕಲು ಮಾಡಿ ಕಲಿಯುವವರ ಕಣ್ಣಿಗೆ ಬೀಳುವುದಿಲ್ಲ. ನಾನು ಹಾಗೇ ಕಲಿತವನು.

ಇಷ್ಟಾದರೂ ಬಿಡುವ ಯೋಚನೆ ನನಗಿಲ್ಲ. ಮೂರನೇ ಬೋರ್ಡಿನಲ್ಲಿ ನಾಲ್ಕು ಪೋರ್ಟೂ ಡಿಎಂಎ ಮೇಲೇ ಓಡುತ್ತಿವೆ. ಅದರ ಕೋಡ್ ಬರೆಯುವ ಮುಂಚೆ ಮೆಮೊರಿ ಕಾಪಿ ಬರುವ ಚಾನೆಲ್‌ಗಳ ಮೇಲೆ ಡಿಎಂಎಟೆಸ್ಟ್ ಮಾಡ್ಯೂಲನ್ನು ಇಡೀ ರಾತ್ರಿ ಓಡಿಸಿದೆ. ಕರ್ನಲ್ ಒಳಗಿನ ಸ್ಥಿತಿ ತೋರಿಸುವ ಡೀಬಗ್‌ಎಫ್‌ಎಸ್‌ನ ಸಮ್ಮರಿ ಫೈಲ್ ತೆರೆದು ಯಾವ ಚಾನೆಲ್ ಯಾರ ಕೈಲಿದೆ ಅಂತ ನೋಡಿಕೊಂಡೆ. ರೆಸಿಡ್ಯೂ ಬಗ್ಗೆ ಈ ಸಲ ಚಿಪ್ ಆರಿಸುವ ದಿನವೇ ಕೇಳಿದ್ದೆ.